ರೇಷ್ಮೆ ಕಾಲುಚೀಲದ ಆಯುಷ್ಯ

ಸೀರೆಯ ಅಂಚು ಹಿಮ್ಮಡಿಯನ್ನು ಮುಟ್ಟುವ ನಮ್ಮ ನಾಡಿನಲ್ಲಿ ಸ್ತ್ರೀಯರ ಕಾಲುಚೀಲಕ್ಕೆ ಹೇಳಿಕೊಳ್ಳುವಂಥ ಇತಿಹಾಸವಿಲ್ಲ. ಆದರೆ ಇಂಗ್ಲೆಂಡ್ ಅಮೆರಿಕಗಳಲ್ಲಿ, ಎರಡು ಮಹಾಯುದ್ಧಗಳ ನಡುವಣ ಇಪ್ಪತ್ತು ವರ್ಷಗಳ ಕಾಲ, ಅಂಗಡಿಯಲ್ಲಿ ನಿಂತು ಮಾರುವ ಹುಡುಗಿಯಿಂದ ಹಿಡಿದು ಕಚೇರಿಯಲ್ಲಿ ಬೆರಳಚ್ಚು ಮಾಡುವವಳವರೆಗೆ ಎಲ್ಲರ ನಿತ್ಯದ ಚಿಂತೆಗಳಲ್ಲಿ ಒಂದು ಈ ಕಾಲುಚೀಲದ್ದಾಗಿತ್ತು. ನಮ್ಮ ಗಂಡಸರು ಬೂಟಿನೊಳಗೆ ತೊಡುವ ಹತ್ತಿಯ ಚೀಲವನ್ನು ಇಲ್ಲಿ ನೆನೆಯಬಾರದು. ಇದು ಬೆರಳ ತುದಿಯಿಂದ ತೊಡೆಯ ನಡುವಿನವರೆಗೆ ಏರುವ, ಒಳಗಿನ ಚರ್ಮದ ಬಣ್ಣ ಹೊರಗೆ ಕಾಣುವಷ್ಟು ತೆಳ್ಳನೆಯ, ಅಪ್ಪಟ ರೇಷ್ಮೆಯ ಹೆಣಿಗೆ. ಕೊಂಡು ತಂದ ದಿನವೇ ಒಂದು ಕುರ್ಚಿಯ ಸೀಳಿಗೆ ಸಿಕ್ಕಿ ಹಾಳಾಗಬಹುದು. ಜೋಪಾನ ಬಲ್ಲವಳ ಕೈಯಲ್ಲಿ ವಾರಗಟ್ಟಲೆ ಬಾಳಬಹುದು. ಈ ಎರಡರ ನಡುವಣ ಅಂತರವನ್ನು ಗೆಲ್ಲುವುದಕ್ಕಾಗಿ ಬೋಗುಣಿ, ಸಾಬೂನು, ವಿನಿಗರ್, ಪಟಿಕ ಇವುಗಳನ್ನೊಳಗೊಂಡ ಒಂದು ಸಣ್ಣ ಶಾಸ್ತ್ರವೇ ಮನೆಮನೆಗಳಲ್ಲಿ ಬೆಳೆದು ನಿಂತಿತು. ಆ ಶಾಸ್ತ್ರದಲ್ಲಿ ಹುರುಳೆಷ್ಟು, ಬರಿಯ ನಂಬಿಕೆಯೆಷ್ಟು ಎಂದು ನೋಡುವುದು, ರೇಷ್ಮೆಯ ಸೀಮೆಯವರಾದ ನಮಗೆ ವ್ಯರ್ಥವಾದ ಕೆಲಸವೇನಲ್ಲ.

ಮೊದಲು ಹಣದ ಮಾತು. 1930ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಒಂದು ಜೊತೆ ಒಳ್ಳೆಯ ರೇಷ್ಮೆ ಕಾಲುಚೀಲಕ್ಕೆ ಮುಕ್ಕಾಲು ಡಾಲರಿನಿಂದ ಒಂದು ಡಾಲರಿನವರೆಗೆ ಬೆಲೆ. 1938ರಲ್ಲಿ ಆ ದೇಶದ ಸರ್ಕಾರ ಮೊದಲ ಬಾರಿಗೆ ಕನಿಷ್ಠ ವೇತನದ ಕಾನೂನು ತಂದಾಗ ಗೊತ್ತುಮಾಡಿದ ಕೂಲಿ ಗಂಟೆಗೆ 25 ಸೆಂಟು. ಎಂದರೆ ಒಂದು ಜೊತೆ ಕಾಲುಚೀಲವೆಂದರೆ ಮೂರು ನಾಲ್ಕು ಗಂಟೆಗಳ ದುಡಿಮೆ. ಆ ಕಾನೂನಿನ ಆಸರೆಯೂ ಅಂಗಡಿ ಕೆಲಸದ ಹುಡುಗಿಯರಲ್ಲಿ ಬಹುಮಂದಿಗೆ ದೊರೆಯಲಿಲ್ಲ. ಚಿಲ್ಲರೆ ವ್ಯಾಪಾರವನ್ನು ಅದರಿಂದ ಹೊರಗಿಟ್ಟಿದ್ದರು. ಬರಿಗಾಲಿನಲ್ಲಿ ಕೆಲಸಕ್ಕೆ ಬರುವುದು ಅಸಭ್ಯವೆಂದು ಯಜಮಾನನೂ ಗಿರಾಕಿಯೂ ಎಣಿಸುತ್ತಿದ್ದ ಕಾಲ ಅದು. ಹರಿದ ಕಾಲುಚೀಲ ತೊಟ್ಟು ಬರುವುದು ಅದಕ್ಕಿಂತಲೂ ಕೀಳು. ಹೀಗಾಗಿ ಇದನ್ನು ಬರಿಯ ಸಿಂಗಾರದ ಸಾಮಾನೆಂದು ನಗುವುದು ನ್ಯಾಯವಲ್ಲ. ಅದು ದುಡಿಯುವ ಹೆಣ್ಣು ತನ್ನ ಕೆಲಸವನ್ನು ಉಳಿಸಿಕೊಳ್ಳಲು ತೆರಬೇಕಾಗಿದ್ದ ಕಂದಾಯ.

ಎಳೆಯ ಕಥೆ

ರೇಷ್ಮೆ ಬಲಹೀನವಾದ ವಸ್ತುವಲ್ಲ. ಅಷ್ಟೇ ದಪ್ಪದ ಇತರ ನೈಸರ್ಗಿಕ ನೂಲುಗಳೊಡನೆ ಹೋಲಿಸಿದರೆ ಅದರ ಕಸುವು ಹಿರಿದು. ತನ್ನ ಉದ್ದದ ಐದರಲ್ಲೊಂದು ಪಾಲಿನಷ್ಟು ಹಿಗ್ಗಿದರೂ ಸುಲಭವಾಗಿ ಕಡಿಯದು. ಹುಳು ತನ್ನ ಬಾಯಿಂದ ಹೊರಡಿಸುವ ಎಳೆಯಲ್ಲಿ ಎರಡು ಪದಾರ್ಥಗಳಿವೆ. ಒಳಗೆ ಜೋಡಿಯಾಗಿ ಸಾಗುವ ಫೈಬ್ರಾಯಿನ್ ಎಂಬ ಎಳೆ. ಅದನ್ನು ಹೊದ್ದು ಕುಳಿತಿರುವ ಸೆರಿಸಿನ್ ಎಂಬ ಅಂಟು. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಈ ಅಂಟೇ. ಬಿಸಿ ಸಾಬೂನು ನೀರಿನಲ್ಲಿ ಕುದಿಸಿದಾಗ ಅಂಟು ಕರಗಿಹೋಗಿ, ನಾವು ಮೆಚ್ಚುವ ಹೊಳಪೂ ಮೃದುತ್ವವೂ ಹೊರಬೀಳುತ್ತವೆ. ಕಾಲುಚೀಲದ ಕಾರ್ಖಾನೆಯವರು ಸಾಮಾನ್ಯವಾಗಿ ಅಂಟು ಇರುವಾಗಲೇ ಹೆಣೆದು, ಆಮೇಲೆ ಕುದಿಸಿ, ಬಣ್ಣದಲ್ಲಿ ಅದ್ದುತ್ತಿದ್ದರು. ಹೆಣಿಗೆಯ ಯಂತ್ರದ ಉಜ್ಜಾಟದಿಂದ ಎಳೆಯನ್ನು ಆ ಅಂಟೇ ಕಾಪಾಡುತ್ತಿತ್ತು. ಹೆಚ್ಚು ಬೆಲೆಯ ಕೆಲವು ಜೊತೆಗಳಿಗೆ ಮಾತ್ರ ನೂಲಿಗೆ ಮೊದಲೇ ಬಣ್ಣ ಕಟ್ಟಿ ಬಳಿಕ ಹೆಣೆಯುತ್ತಿದ್ದರು.

ಹಾಗಾದರೆ ಇಷ್ಟು ಗಟ್ಟಿಯಾದ ನೂಲಿನಿಂದಾದ ಚೀಲ ಅಷ್ಟು ಬೇಗ ಏಕೆ ಹರಿಯಬೇಕು? ಉತ್ತರ ಎರಡು. ಒಂದು, ನೂಲಿನ ತೆಳುವು. ಕಾಲುಚೀಲವನ್ನು ‘ಎರಡೆಳೆ’, ‘ನಾಲ್ಕೆಳೆ’, ‘ಏಳೆಳೆ’ ಎಂದು ಎಣಿಸಿ ಮಾರುತ್ತಿದ್ದರು. ಇಲ್ಲಿ ಒಂದು ಎಳೆಯೆಂದರೆ ಐದಾರು ಗೂಡುಗಳಿಂದ ಒಟ್ಟಿಗೆ ಬಿಚ್ಚಿದ ಕಚ್ಚಾ ನೂಲು. ಏಳೆಳೆಯದು ದುಡಿಮೆಯ ದಿನಗಳಿಗೆ; ಎರಡೆಳೆಯದು ಒಂದು ಸಂಜೆಯ ಕೂಟಕ್ಕೆ, ಮರುದಿನದ ಭರವಸೆಯಿಲ್ಲ. ಜಾಣೆಯರು ಅಂಗಡಿಯಲ್ಲಿಯೇ ಈ ಲೆಕ್ಕ ಕೇಳಿ ಕೊಳ್ಳುತ್ತಿದ್ದರು. ಹಿಮ್ಮಡಿ, ಅಂಗಾಲು, ತೊಡೆಯ ಬಳಿಯ ಪಟ್ಟಿ ಇಲ್ಲೆಲ್ಲ ಹತ್ತಿಯ ನೂಲು ಸೇರಿಸಿ ದಪ್ಪವಾಗಿ ಹೆಣೆದಿರುವ ಜೊತೆಯನ್ನೇ ಆರಿಸುತ್ತಿದ್ದರು. ಆಯುಷ್ಯವನ್ನು ಹೆಚ್ಚಿಸುವ ಉಪಾಯಗಳಲ್ಲಿ ಮೊದಲನೆಯದೂ ಅತ್ಯಂತ ಫಲಕಾರಿಯೂ ಆದದ್ದು ಇದೇ ಎಂದು ನನ್ನ ಅಭಿಪ್ರಾಯ. ಆದರೆ ಚೆಲುವು ತೆಳುವಿನಲ್ಲಿತ್ತಾದ್ದರಿಂದ ಈ ಉಪದೇಶಕ್ಕೆ ಕಿವಿಗೊಟ್ಟವರು ಕಡಿಮೆ.

ಎರಡನೆಯ ಕಾರಣ ಹೆಣಿಗೆಯೇ. ನಮ್ಮ ಸೀರೆ ನೇಯ್ಗೆಯ ಬಟ್ಟೆ; ಹಾಸು ಹೊಕ್ಕುಗಳು ಒಂದನ್ನೊಂದು ಅಡ್ಡಹಾಯ್ದು ಹಿಡಿದುಕೊಂಡಿರುತ್ತವೆ. ಒಂದು ಎಳೆ ಕಡಿದರೆ ಒಂದು ತೂತಾದೀತು, ಅಷ್ಟೆ. ಕಾಲುಚೀಲವಾದರೋ ಕುಣಿಕೆಗಳ ಸಾಲು. ಒಂದು ಕುಣಿಕೆಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ಬೆರಳಿನಿಂದ ತೊಡೆಯವರೆಗೆ ಸರಪಣಿ. ಒಳ್ಳೆಯ ಜೊತೆಯಲ್ಲಿ ಅಂಗುಲಕ್ಕೆ ಮೂವತ್ತು ಕುಣಿಕೆಗಳು ಅಕ್ಕಪಕ್ಕದಲ್ಲಿರುತ್ತಿದ್ದವು. ಒಂದು ಕುಣಿಕೆ ಕಡಿಯಿತೆಂದರೆ ಅದನ್ನು ನಂಬಿ ನಿಂತಿದ್ದ ಮುಂದಿನ ಕುಣಿಕೆ ಜಾರುತ್ತದೆ. ಅದು ಜಾರಿತೆಂದರೆ ಅದರ ಮುಂದಿನದು. ಉಳಿಯುವುದು ಅಡ್ಡ ನೂಲುಗಳ ಮೆಟ್ಟಿಲು ಮಾತ್ರ. ಇಂಗ್ಲೆಂಡಿನವರು ಇದನ್ನು ‘ಏಣಿ’ ಎಂದರು. ಅಮೆರಿಕನ್ನರು ‘ಓಟ’ ಎಂದರು. ಮೊದಲನೆಯವರು ಕಣ್ಣಿಗೆ ಕಂಡ ಆಕಾರವನ್ನು ಹೇಳಿದರು, ಎರಡನೆಯವರು ಅದರ ವೇಗವನ್ನು. ಭಾಷೆ ಕಲಿಸುವವನಾದ ನನಗೆ ಎರಡೂ ಒಪ್ಪಿಗೆ.

ರಾಣಿಯ ಕಾಲಿನಿಂದ ಹುಡುಗಿಯ ಕಾಲಿಗೆ

ರೇಷ್ಮೆ ಕಾಲುಚೀಲ ಮೊದಲು ಅರಮನೆಯ ವಸ್ತು. ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿಗೆ ಆಳ್ವಿಕೆಯ ಆರಂಭದಲ್ಲಿ, 1560ರ ಸುಮಾರಿಗೆ, ಅವಳ ಪರಿಚಾರಿಕೆ ಒಂದು ಜೊತೆ ಕಪ್ಪು ರೇಷ್ಮೆ ಕಾಲುಚೀಲವನ್ನು ಕೈಯಲ್ಲಿ ಹೆಣೆದು ಕೊಟ್ಟಳೆಂದೂ, ಅಂದಿನಿಂದ ರಾಣಿ ಬಟ್ಟೆಯ ಕಾಲುಚೀಲಗಳನ್ನು ಮುಟ್ಟಲಿಲ್ಲವೆಂದೂ ಆ ನಾಡಿನ ಹಳೆಯ ವೃತ್ತಾಂತವೊಂದು ಹೇಳುತ್ತದೆ. 1589ರಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯ ಕ್ಯಾಲ್ವರ್ಟನ್ ಗ್ರಾಮದ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದ. ಕೈಹೆಣಿಗೆಯವರ ಅನ್ನ ಹೋದೀತೆಂಬ ಭಯದಿಂದ ರಾಣಿ ಅವನಿಗೆ ಸನದು ಕೊಡಲಿಲ್ಲವೆಂದು ಪ್ರತೀತಿ. ಲೀ ಫ್ರಾನ್ಸಿಗೆ ಹೋದ. ಆಶ್ರಯ ಕೊಟ್ಟ ನಾಲ್ಕನೆಯ ಹೆನ್ರಿ ದೊರೆ 1610ರಲ್ಲಿ ಕೊಲೆಯಾದ. ಲೀ ಕೆಲವೇ ವರ್ಷಗಳಲ್ಲಿ ಪ್ಯಾರಿಸಿನಲ್ಲಿ ಬಡತನದಲ್ಲಿ ತೀರಿಕೊಂಡ. ಅವನ ಯಂತ್ರ ಮಾತ್ರ ಉಳಿಯಿತು, ಬೆಳೆಯಿತು.

ಆದರೂ ಮುನ್ನೂರು ವರ್ಷಗಳ ಕಾಲ ಸಾಮಾನ್ಯ ಹೆಂಗಸಿನ ಕಾಲಿಗೆ ಉಣ್ಣೆ, ಹತ್ತಿಗಳೇ ಗತಿಯಾಗಿದ್ದವು. ಪಾದ ಮುಚ್ಚುವ ಲಂಗದ ಕೆಳಗೆ ಏನಿದೆಯೆಂದು ಕೇಳುವವರೂ ಇರಲಿಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರ ದಶಕದಲ್ಲಿ, ಲಂಗದ ಅಂಚು ಮೊಣಕಾಲಿನವರೆಗೆ ಏರಿತು. ಒಮ್ಮೆಗೇ ಕಾಲುಚೀಲ ಎಲ್ಲರ ಕಣ್ಣಿಗೂ ಬಿತ್ತು. ಮರದ ತಿರುಳಿನಿಂದ ತಯಾರಾದ ರೇಯಾನ್, ಎಂದರೆ ಕೃತಕ ರೇಷ್ಮೆ, ಅಗ್ಗಕ್ಕೆ ದೊರೆಯುತ್ತಿತ್ತಾದರೂ ಅದರ ಗಾಜಿನಂಥ ಹೊಳಪು ದೂರಕ್ಕೇ ಕೂಗಿ ಹೇಳುತ್ತಿತ್ತು. ಆ ಹೊಳಪನ್ನಡಗಿಸಲು ಮುಖದ ಪೌಡರನ್ನು ಕಾಲಿಗೆ ಬಳಿದುಕೊಳ್ಳುತ್ತಿದ್ದರಂತೆ. ಒದ್ದೆಯಾದಾಗ ರೇಯಾನು ರೇಷ್ಮೆಗಿಂತಲೂ ಬಹಳ ಬಲಹೀನ. ಆದ್ದರಿಂದ ಕೈಯಲ್ಲಿ ನಾಲ್ಕು ಕಾಸು ಉಳ್ಳವರೆಲ್ಲ ರೇಷ್ಮೆಗೇ ಕೈಚಾಚಿದರು.

ರಾತ್ರಿಯ ಬೋಗುಣಿ

ಹುಡುಗಿ ಹೊಸ ಜೊತೆ ತಂದಳೆನ್ನಿ. ಮೊದಲ ಉಪದೇಶವೇನೆಂದರೆ, ತೊಡುವ ಮುಂಚೆ ಒಮ್ಮೆ ಒಗೆಯಬೇಕು. ಕಾರ್ಖಾನೆಯಲ್ಲಿ ಬಣ್ಣ ಕಟ್ಟಿದ ಮೇಲೆ ಚೀಲವನ್ನು ಕಾಲಿನ ಆಕಾರದ ಅಚ್ಚಿಗೆ ಎಳೆದು ಬಿಸಿಯಿಂದ ಒಣಗಿಸುತ್ತಿದ್ದರು. ಅದರಿಂದ ಬಂದ ಬಿಗಿತ ನೀರು ಬಿದ್ದಾಗ ಸಡಲಿ, ಕುಣಿಕೆಗಳು ತಮ್ಮ ತಮ್ಮ ಜಾಗದಲ್ಲಿ ಕೂಡುತ್ತವೆ. ಗಂಜಿಯಂಥ ಲೇಪವೇನಾದರೂ ಇದ್ದರೆ ಹೋಗುತ್ತದೆ. ಈ ಮಾತಿನಲ್ಲಿ ಹುರುಳಿದೆ.

ಎರಡನೆಯದು, ತೊಟ್ಟ ರಾತ್ರಿಯೇ ಒಗೆಯಬೇಕು, ನಾಳೆಗೆಂದು ಬಿಡಕೂಡದು. ಸೋಮಾರಿತನಕ್ಕೆ ಸ್ವಲ್ಪವೂ ಎಡೆಗೊಡದ ಈ ನಿಯಮವೇ ಇಡೀ ಶಾಸ್ತ್ರದ ಬೆನ್ನೆಲುಬು. ಬೆವರಿನಲ್ಲಿರುವ ಉಪ್ಪೂ ಆಮ್ಲವೂ ರೇಷ್ಮೆಗೆ ಹಗೆ. ಹೊಸ ಬೆವರು ತುಸು ಹುಳಿಯಾಗಿರುತ್ತದೆ. ಬಟ್ಟೆಯಲ್ಲೇ ಉಳಿದರೆ ಸೂಕ್ಷ್ಮಜೀವಿಗಳ ಕಾರ್ಯದಿಂದ ಕ್ಷಾರಕ್ಕೆ ತಿರುಗುತ್ತದೆ. ರೇಷ್ಮೆ ಕೂದಲಿನಂತೆ, ಉಣ್ಣೆಯಂತೆ, ಪ್ರಾಣಿಜನ್ಯವಾದ ಪ್ರೋಟೀನು. ಹತ್ತಿಯನ್ನು ಸುಣ್ಣದಲ್ಲಿ ಸೋಡದಲ್ಲಿ ಬೇಯಿಸಿದರೂ ಅದು ತಾಳಿಕೊಂಡೀತು, ರೇಷ್ಮೆ ತಾಳದು. ತೀಕ್ಷ್ಣವಾದ ಕ್ಷಾರವನ್ನು ಬಿಸಿಮಾಡಿ ಹಾಕಿದರೆ ಅದು ಕರಗಿಯೇ ಹೋಗುತ್ತದೆ. ಬೆವರಿನ ಕೆಲಸ ಇಷ್ಟು ಘೋರವಲ್ಲ, ನಿಧಾನದ್ದು. ಇಂದು ಕಾಣುವುದಿಲ್ಲ, ಆದರೆ ಹಿಮ್ಮಡಿಯಲ್ಲಿ, ಬೆರಳಿನ ತುದಿಯಲ್ಲಿ, ಒಂದೊಂದು ರಾತ್ರಿಯೂ ಎಳೆಯ ಕಸುವು ಇಳಿಯುತ್ತಾ ಬಂದು, ಒಂದು ದಿನ ಯಾವ ಕಾರಣವೂ ಇಲ್ಲದೆ ಏಣಿ ಏಳುತ್ತದೆ. ಹುಡುಗಿ ಅಂಗಡಿಯವನನ್ನು ಬೈಯುತ್ತಾಳೆ. ತಪ್ಪು ಕೆಲವೊಮ್ಮೆ ಅವನದೂ ಇದ್ದೀತು, ಅದು ಬೇರೆ ಮಾತು.

ಒಗೆಯುವ ಕ್ರಮವೂ ಗೊತ್ತಾಗಿತ್ತು. ನೀರು ಮೈಬಿಸಿಗಿಂತ ಹೆಚ್ಚಿರಕೂಡದು. ಸಾಬೂನನ್ನು ಮೊದಲು ನೀರಿನಲ್ಲಿ ಪೂರ್ತಿ ಕರಗಿಸಿ ನೊರೆಯೆಬ್ಬಿಸಿ, ಬಳಿಕ ಚೀಲವನ್ನು ಅದರಲ್ಲಿ ಮುಳುಗಿಸಬೇಕು. ಗಟ್ಟಿ ಸಾಬೂನನ್ನು ಬಟ್ಟೆಯ ಮೇಲೆ ತಿಕ್ಕಕೂಡದು. ಅಂಗೈಯಲ್ಲಿ ಮೆಲ್ಲನೆ ಅದುಮಬೇಕು, ಉಜ್ಜಕೂಡದು, ಹಿಂಡಕೂಡದು. ಇದಕ್ಕೆ ಶಾಸ್ತ್ರೀಯ ಕಾರಣವುಂಟು: ನೆನೆದ ರೇಷ್ಮೆ ಒಣ ರೇಷ್ಮೆಗಿಂತ ಸುಮಾರು ಐದರಲ್ಲೊಂದು ಪಾಲು ಕಸುವನ್ನು ತಾತ್ಕಾಲಿಕವಾಗಿ ಕಳೆದುಕೊಳ್ಳುತ್ತದೆ. ಹತ್ತಿಯ ಗುಣ ಇದಕ್ಕೆ ವಿರುದ್ಧ. ನೆನೆದಾಗ ಅದರ ಬಲ ಹೆಚ್ಚುತ್ತದೆ. ಆದ್ದರಿಂದಲೇ ಹತ್ತಿಯ ಪಂಚೆಯನ್ನು ಅಗಸ ಕಲ್ಲಿಗೆ ಎತ್ತಿ ಒಗೆದರೂ ಅದು ಬದುಕುತ್ತದೆ. ಅದೇ ಕಲ್ಲಿಗೆ ರೇಷ್ಮೆ ಸೀರೆಯನ್ನು ಕೊಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ತೊಳೆದ ಚೀಲವನ್ನು ಒಣ ಟವಲಿನಲ್ಲಿ ಸುರುಳಿ ಸುತ್ತಿ ನೀರನ್ನು ಹೀರಿಸಿ, ಬೆಂಕಿಗೂ ಬಿಸಿಲಿಗೂ ದೂರವಾಗಿ ನೆರಳಲ್ಲಿ ಹರಡಬೇಕು. ಬಿಸಿಲು ರೇಷ್ಮೆಯನ್ನು ಹಳದಿಯಾಗಿಸುವುದಲ್ಲದೆ ಒಳಗಿನಿಂದ ಮುರುಕಲು ಮಾಡುತ್ತದೆ. ಇಸ್ತ್ರಿಯ ಮಾತೇ ಬೇಡ. ಬಿಳುಪು ಮಾಡುವ ಕ್ಲೋರಿನ್ ಪುಡಿಯಂತೂ ರೇಷ್ಮೆಗೆ ವಿಷ.

ಈ ರಾತ್ರಿಯ ಬೋಗುಣಿಯ ಮೇಲೆ ಕಣ್ಣಿಟ್ಟವರು ಸಾಬೂನಿನ ವ್ಯಾಪಾರಿಗಳು. ಇಂದು ಲಕ್ಸ್ ಎಂದರೆ ನಮಗೆ ಸ್ನಾನದ ಸಾಬೂನೂ ಸಿನಿಮಾ ತಾರೆಯರೂ ನೆನಪಾಗುತ್ತಾರೆ. ಆ ಹೆಸರು ಮೊದಲು ಹುಟ್ಟಿದ್ದು, 1900ರ ವೇಳೆಗೆ, ನಯವಾದ ಬಟ್ಟೆಗಳನ್ನು ಒಗೆಯಲು ಲೀವರ್ ಸಹೋದರರ ಕಂಪನಿ ಮಾರಿದ ಸಾಬೂನಿನ ಹಪ್ಪಳಗಳಿಗೆ, ಎಂದರೆ ತೆಳ್ಳನೆಯ ಚಕ್ಕೆಗಳಿಗೆ. 1920, 30ರ ದಶಕಗಳ ಅಮೆರಿಕದ ಪತ್ರಿಕೆಗಳಲ್ಲಿ ಅದರ ಜಾಹೀರಾತುಗಳು ಕಾಲುಚೀಲದ ‘ಸ್ಥಿತಿಸ್ಥಾಪಕ ಗುಣ’ವನ್ನು ಉಳಿಸುವ ಮಾತನ್ನೇ ಮತ್ತೆ ಮತ್ತೆ ಆಡುತ್ತಿದ್ದವು. ಜಾಹೀರಾತಿನ ಮಾತಾದರೂ ಪೂರ್ತಿ ಪೊಳ್ಳಲ್ಲ: ಬೆವರನ್ನು ಕಳೆದು ಕ್ಷಾರವನ್ನು ಸೇರಿಸದ ಸಾಬೂನೇ ರೇಷ್ಮೆಗೆ ಬೇಕಾದದ್ದು. ನಮ್ಮ ಅಜ್ಜಿಯರು ಯಾವ ಜಾಹೀರಾತನ್ನೂ ಓದದೆ ರೇಷ್ಮೆ ಸೀರೆಗೆ ಅಂಟುವಾಳಕಾಯಿಯ ನೊರೆಯನ್ನೇ ಆರಿಸಿಕೊಂಡರು. ಅಂಟುವಾಳದ ನೀರು ಕ್ಷಾರವಲ್ಲ, ತುಸು ಹುಳಿ. ಕೊಳೆಯನ್ನು ತೆಗೆಯುತ್ತದೆ, ಎಳೆಯನ್ನು ನೋಯಿಸುವುದಿಲ್ಲ. ಅಟ್ಲಾಂಟಿಕ್ ಸಾಗರದ ಆಚೆಯ ಹೆಂಗಸರಿಗೆ ಈ ಕಾಯಿ ಸುಲಭವಾಗಿ ಸಿಗುವಂತಿದ್ದರೆ ಅವರ ಕೆಲಸ ಎಷ್ಟೋ ಹಗುರವಾಗುತ್ತಿತ್ತು.

ವಿನಿಗರ್, ಪಟಿಕ ಮತ್ತು ನಂಬಿಕೆ

ತೊಳೆದ ಕೊನೆಯ ನೀರಿಗೆ ಒಂದು ಚಮಚ ವಿನಿಗರ್ ಬೆರೆಸುವುದು ಬಹು ಪ್ರಚಲಿತವಾದ ಪದ್ಧತಿ. ಇದು ಸರಿಯಾದ ಪದ್ಧತಿಯೇ. ಸಾಬೂನು ಎಷ್ಟು ಸೌಮ್ಯವಾದರೂ ಸ್ವಲ್ಪ ಕ್ಷಾರವನ್ನು ಬಿಟ್ಟೇ ಹೋಗುತ್ತದೆ. ವಿನಿಗರಿನ ಸೌಮ್ಯವಾದ ಹುಳಿ ಅದನ್ನು ಶಮನ ಮಾಡುತ್ತದೆ. ಇನ್ನೊಂದು ಸೋಜಿಗವೂ ಉಂಟು. ಸೌಮ್ಯ ಆಮ್ಲದಲ್ಲಿ ಅದ್ದಿ ಒಣಗಿಸಿದ ರೇಷ್ಮೆಯನ್ನು ಅಂಗೈಯಲ್ಲಿ ಅದುಮಿದರೆ, ಹೊಸದಾಗಿ ಬಿದ್ದ ಹಿಮವನ್ನು ತುಳಿದಾಗ ಬರುವಂಥ ಒಂದು ಕಿರುಸದ್ದು ಹೊರಡುತ್ತದೆ. ರೇಷ್ಮೆಯ ವ್ಯಾಪಾರಿಗಳು ಇದಕ್ಕೆ ‘ಸ್ಕ್ರೂಪ್’ ಎಂದು ಹೆಸರಿಟ್ಟಿದ್ದಾರೆ. ಮದುವೆಮನೆಯಲ್ಲಿ ಪಟ್ಟೆ ಸೀರೆಯುಟ್ಟ ಹೆಂಗಸು ಹಾದುಹೋದಾಗ ಕೇಳಿಬರುವ ಸರಭರ ಸದ್ದಿನ ಹತ್ತಿರದ ನೆಂಟ ಅದು. ಆ ಸದ್ದು ರೇಷ್ಮೆಯ ಹುಟ್ಟುಗುಣವಲ್ಲ, ಹುಳಿನೀರಿನ ಸಂಸ್ಕಾರದಿಂದ ಬಂದದ್ದು ಎಂದರೆ ನಂಬುವವರು ಕಡಿಮೆ.

ಪಟಿಕದ ಕಥೆ ಅಷ್ಟು ಸರಳವಲ್ಲ. ಹೊಸ ಕಾಲುಚೀಲವನ್ನು ಪಟಿಕದ ನೀರಿನಲ್ಲಿ ಒಂದಷ್ಟು ಹೊತ್ತು ನೆನೆಸಿಟ್ಟರೆ ಎಳೆ ಗಟ್ಟಿಯಾಗಿ ಏಣಿ ಏಳುವುದಿಲ್ಲವೆಂದು ಅನೇಕರು ದೃಢವಾಗಿ ನಂಬಿದ್ದರು. ಪಟಿಕಕ್ಕೂ ರೇಷ್ಮೆಗೂ ಹಳೆಯ ನಂಟಿರುವುದು ನಿಜ. ಗಿಡಮೂಲಿಕೆಯ ಬಣ್ಣಗಳನ್ನು ರೇಷ್ಮೆಗೆ ಕಟ್ಟುವಾಗ ಬಣ್ಣ ಹಿಡಿಯುವುದಕ್ಕಾಗಿ ಪಟಿಕವನ್ನು ಬಳಸುವುದು ಪುರಾತನ ಪದ್ಧತಿ. ಅದರ ಅಲ್ಯೂಮಿನಿಯಂ ಅಂಶ ಎಳೆಗೆ ಅಂಟಿಕೊಳ್ಳುತ್ತದೆ. ಆದರೆ ಅಂಟಿಕೊಂಡ ಮಾತ್ರಕ್ಕೆ ಎಳೆಯ ಬಲ ಹೆಚ್ಚೀತೆ? ಪಟಿಕದ ನೀರೂ ಹುಳಿಯೇ ಆದ್ದರಿಂದ ವಿನಿಗರ್ ಮಾಡುವ ಉಪಕಾರವನ್ನು ಅದೂ ಮಾಡೀತು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದೆಂದೇ ನಾನು ಎಣಿಸುತ್ತೇನೆ. ಸಾಬೂನು ಪೂರ್ತಿ ಹೋಗುವ ಮೊದಲೇ ಪಟಿಕ ಹಾಕಿದರಂತೂ ಎರಡೂ ಕೂಡಿ ನೀರಿನಲ್ಲಿ ಕರಗದ ಜಿಗುಟು ಪದಾರ್ಥವೊಂದು ಎಳೆಯ ಮೇಲೆ ಕೂಡುತ್ತದೆ. ಸಕ್ಕರೆ ಬೆರೆಸಿದ ನೀರು, ಸ್ಪಿರಿಟ್ಟಿನ ನಾಲ್ಕು ಹನಿ, ಹೀಗೆ ಇನ್ನೂ ಕೆಲವು ಮದ್ದುಗಳಿದ್ದವು. ಅವುಗಳ ವಿಷಯ ಹೆಚ್ಚು ಹೇಳಬೇಕಾದದ್ದಿಲ್ಲ. ಪಟಿಕವನ್ನು ನಂಬಿದವಳು ಚೀಲವನ್ನು ಜೋಪಾನವಾಗಿಯೂ ತೊಡುತ್ತಿದ್ದಳು. ಚೀಲ ಬಾಳಿದರೆ ಕೀರ್ತಿ ಪಟಿಕಕ್ಕೆ.

ಇಲ್ಲಿ ತಯಾರಕರ ಮಾತನ್ನೂ ಆಡಬೇಕು. ಅಂಟನ್ನು ಕುದಿಸಿ ತೆಗೆದಾಗ ರೇಷ್ಮೆಯ ಕಾಲುಭಾಗ ತೂಕ ಹೋಗುತ್ತದೆಂದೆನಷ್ಟೆ. ತೂಕದ ಮೇಲೆ ಮಾರುವ ವ್ಯಾಪಾರಿಗೆ ಅದು ನಷ್ಟ. ಆದ್ದರಿಂದ ತವರದ ಲವಣಗಳನ್ನು ಹೀರಿಸಿ ತೂಕವನ್ನು ಮರಳಿ ತುಂಬುವ ವಿದ್ಯೆಯನ್ನು ಯೂರೋಪಿನವರು ಹತ್ತೊಂಬತ್ತನೆಯ ಶತಮಾನದಲ್ಲೇ ಕಲಿತಿದ್ದರು. ಕೆಲವೊಮ್ಮೆ ಕಳೆದುಹೋದದ್ದಕ್ಕಿಂತ ಹೆಚ್ಚನ್ನೂ ತುಂಬಿದರು. ಹೀಗೆ ಭಾರವಾದ ರೇಷ್ಮೆ ಕೈಗೆ ಸೊಗಸು, ಆಯುಷ್ಯಕ್ಕೆ ಮೃತ್ಯು. ಯಾರೂ ಉಡದೆ ಪೆಟ್ಟಿಗೆಯಲ್ಲಿ ಮಲಗಿದ್ದರೂ ತಾನಾಗಿಯೇ ಸೀಳುಸೀಳಾಗಿ ಬಿರಿಯುತ್ತದೆ. ಕಾಲುಚೀಲಕ್ಕಿಂತ ಲಂಗ, ಕಂಠಪಟ್ಟಿಗಳಿಗೇ ಈ ಪಿಡುಗು ಹೆಚ್ಚಾಗಿ ತಗುಲಿತು, ನಿಜ. ಆದರೂ ಯಾವ ವಿನಿಗರಿನಿಂದಲೂ ಗುಣವಾಗದ ರೋಗವೊಂದು ಉಂಟೆಂಬುದು ಕೊಳ್ಳುವವಳಿಗೆ ಗೊತ್ತಿರಬೇಕಾಗಿತ್ತು.

ತೊಡುವ ಬಗೆಯಲ್ಲಿಯೂ ನೂರು ಎಚ್ಚರಿಕೆ. ಉಂಗುರ ತೆಗೆದಿಡಬೇಕು, ಉಗುರನ್ನು ನಯವಾಗಿ ಅರೆಯಬೇಕು, ಚೀಲವನ್ನು ಪಾದದವರೆಗೆ ಮಡಿಸಿಕೊಂಡು ಬೆರಳನ್ನಿಟ್ಟು ಮೆಲ್ಲನೆ ಮೇಲಕ್ಕೆ ಬಿಡಿಸುತ್ತಾ ಬರಬೇಕು, ಚೀಲದ ಬಾಯಿ ಹಿಡಿದು ಜಗ್ಗಕೂಡದು. ಜಾರದಂತೆ ಹಿಡಿಯುವ ಕೊಂಡಿಯನ್ನು ಮೇಲಿನ ದಪ್ಪ ಪಟ್ಟಿಗೇ ಹಾಕಬೇಕು. ಎಲ್ಲಕ್ಕಿಂತ ಬುದ್ಧಿವಂತಿಕೆಯ ಉಪಾಯ ರಸಾಯನಶಾಸ್ತ್ರಕ್ಕೆ ಸೇರಿದ್ದಲ್ಲ, ಲೆಕ್ಕಕ್ಕೆ ಸೇರಿದ್ದು: ಒಂದೇ ಬಣ್ಣದ ಎರಡು ಮೂರು ಜೊತೆಗಳನ್ನು ಒಟ್ಟಿಗೆ ಕೊಂಡರೆ, ಒಂದೊಂದರಲ್ಲಿ ಒಂದು ಕಾಲು ಹಾಳಾದರೂ ಉಳಿದ ಒಂಟಿಗಳು ಕೂಡಿ ಜೊತೆಯಾಗುತ್ತವೆ.

ಏಣಿ ಎದ್ದೇಬಿಟ್ಟರೆ? ಒದ್ದೆ ಸಾಬೂನನ್ನೋ ಉಗುರಿನ ಬಣ್ಣವನ್ನೋ ತುದಿಗೆ ಹಚ್ಚಿ ಓಟವನ್ನು ನಿಲ್ಲಿಸುವುದು ಹೊತ್ತಿನ ಮದ್ದು. ಬಳಿಕ ರಿಪೇರಿಯವಳ ಬಳಿಗೆ ಹೋಗಬೇಕು. ದೊಡ್ಡ ಅಂಗಡಿಗಳಲ್ಲಿ ಇದಕ್ಕೆಂದೇ ಹೆಂಗಸರು ಕುಳಿತಿರುತ್ತಿದ್ದರು. ಬಟ್ಟಲಿನಂಥದೊಂದರ ಬಾಯಿಗೆ ಚೀಲವನ್ನು ಬಿಗಿದು, ಚಿಲಕವುಳ್ಳ ಪುಟ್ಟ ಕೊಕ್ಕೆಸೂಜಿಯಿಂದ ಜಾರಿದ ಕುಣಿಕೆಗಳನ್ನು ಒಂದೊಂದಾಗಿ ಹಿಡಿದು ಏಣಿಯ ಮೆಟ್ಟಿಲ ಮೇಲೆ ಮತ್ತೆ ಹತ್ತಿಸಿ ತುದಿಯಲ್ಲಿ ಗಂಟು ಹಾಕುವುದು ಅವರ ಕೆಲಸ. ಕೂದಲೆಳೆಗಿಂತ ತೆಳ್ಳನೆಯ ನೂಲು, ಅಂಗುಲಕ್ಕೆ ಮೂವತ್ತಕ್ಕೂ ಮಿಕ್ಕ ಸಾಲು, ದೀಪದ ಬೆಳಕು. ಒಬ್ಬಳ ಕಾಲುಚೀಲದ ಆಯುಷ್ಯ ಹೆಚ್ಚಿದ್ದು ಇನ್ನೊಬ್ಬಳ ಕಣ್ಣಿನ ವೆಚ್ಚದಲ್ಲಿ.

ಜಪಾನಿನ ಎಳೆ, ಮೈಸೂರಿನ ಎಳೆ

ಇಷ್ಟೆಲ್ಲ ಜೋಪಾನಕ್ಕೊಳಗಾದ ಆ ರೇಷ್ಮೆ ಎಲ್ಲಿಂದ ಬರುತ್ತಿತ್ತು? ಅಮೆರಿಕಕ್ಕೆ ಬರುತ್ತಿದ್ದುದರಲ್ಲಿ ಬಹುಪಾಲು ಜಪಾನಿನದು. ಕಾಲುಚೀಲಕ್ಕೆ ಬೇಕಾದದ್ದು ಉದ್ದಕ್ಕೂ ಒಂದೇ ದಪ್ಪದ ನೂಲು. ಒಂದೆಡೆ ತೆಳ್ಳಗಾದರೆ ಅಲ್ಲೇ ಏಣಿ ಎದ್ದಿತು, ಒಂದೆಡೆ ದಪ್ಪವಾದರೆ ಚೀಲದಲ್ಲಿ ಸುತ್ತುಗೆರೆ ಮೂಡಿತು. ಜಪಾನಿನವರು ನೂಲನ್ನು ಕಪ್ಪು ಹಲಗೆಯ ಮೇಲೆ ಸಾಲಾಗಿ ಸುತ್ತಿ ಬೆಳಕಿಗೊಡ್ಡಿ ಪರೀಕ್ಷಿಸಿ, ಯಂತ್ರದ ಬಿಚ್ಚಾಣಿಕೆಯಲ್ಲಿ ಈ ಸಮತೆಯನ್ನು ಸಾಧಿಸಿದ್ದರು. ನಮ್ಮ ಮೈಸೂರು ಸಂಸ್ಥಾನದ ರೇಷ್ಮೆಯ ದಾರಿ ಬೇರೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಬೇರೂರಿದ ಕಸುಬು ಇದು. ವರ್ಷಕ್ಕೆ ಹಲವು ಬೆಳೆ ಕೊಡುವ, ಹಸಿರು ಹಳದಿ ಬಣ್ಣದ ಸಣ್ಣ ಗೂಡಿನ ಮೈಸೂರು ತಳಿ. ಹಳ್ಳಿಯ ಮನೆಯಂಗಳದ ಚರಕದಲ್ಲಿ ಕೈಯಿಂದ ಬಿಚ್ಚಿದ ನೂಲು. ಸೀರೆಯ ಹೊಕ್ಕಿಗೆ ಆ ನೂಲಿನ ಏರುಪೇರು ಶೋಭೆಯೇ ಆದೀತು. ಕಾಲುಚೀಲಕ್ಕೆ ಅದು ಒಗ್ಗದು. ಆ ದೊಡ್ಡ ಮಾರುಕಟ್ಟೆಯ ಬಾಗಿಲು ನಮಗೆ ತೆರೆಯಲಿಲ್ಲ. ಅದರ ಕೇಡು ಮಾತ್ರ ನಮ್ಮ ಪಾಲಿಗೂ ಬಂತು: 1929ರ ಬಳಿಕ ಜಗತ್ತಿನ ವ್ಯಾಪಾರ ಕುಸಿದು ರೇಷ್ಮೆಯ ಬೆಲೆ ಪಾತಾಳಕ್ಕಿಳಿದಾಗ, ಜಪಾನ್ ಚೀನಗಳ ಅಗ್ಗದ ನೂಲು ಇಂಡಿಯಕ್ಕೆ ಹರಿದು, ಹಿಪ್ಪುನೇರಳೆ ಬೆಳೆದವರು ತತ್ತರಿಸಿದರು. 1934ರಲ್ಲಿ ಆಮದಿನ ಮೇಲೆ ರಕ್ಷಣಾ ಸುಂಕ ಬಂದ ಮೇಲೆಯೇ ಅವರಿಗೆ ಕೊಂಚ ಉಸಿರಾಡಲು ಎಡೆಯಾಯಿತು.

1937ರಲ್ಲಿ ಜಪಾನು ಚೀನದ ಮೇಲೆ ಏರಿಹೋದಾಗ ಕಾಲುಚೀಲಕ್ಕೆ ಹೊಸದೊಂದು ಅರ್ಥ ಬಂತು. ಜಪಾನಿನ ರೇಷ್ಮೆ ಕೊಂಡರೆ ಆ ಹಣ ಗುಂಡಾಗಿ ಚೀನದ ಮೇಲೆ ಬೀಳುತ್ತದೆಂದು ಅಮೆರಿಕದ ವಿದ್ಯಾರ್ಥಿಗಳು ಬಹಿಷ್ಕಾರ ಹೂಡಿದರು. ಆ ವರ್ಷದ ಡಿಸೆಂಬರಿನಲ್ಲಿ ವಾಸರ್ ಮಹಿಳಾ ಕಾಲೇಜಿನಲ್ಲಿ ಸೇರಿದ್ದ ವಿದ್ಯಾರ್ಥಿ ಸಮ್ಮೇಳನದಲ್ಲಿ ರೇಷ್ಮೆ ಕಾಲುಚೀಲ, ಕಂಠಪಟ್ಟಿಗಳನ್ನು ಬೆಂಕಿಗೆಸೆದರು. ವಿದೇಶೀ ಬಟ್ಟೆಯ ಹೋಳಿಯನ್ನು ಕಂಡ ನಮ್ಮ ದೇಶಕ್ಕೆ ಈ ದೃಶ್ಯ ಅಪರಿಚಿತವಲ್ಲ. ರಾತ್ರಿ ರಾತ್ರಿ ಬೋಗುಣಿಯಲ್ಲಿ ಅದುಮಿ ಕಾಪಾಡಿದ್ದನ್ನು ಉರಿಗೆ ಹಾಕಿದವಳ ಮನಸ್ಸು ಹೇಗಿತ್ತೋ!

ಕೊನೆಗೆ ಬೆಂಕಿಗಿಂತ ಯುದ್ಧವೇ ಹೆಚ್ಚು ಕಾಲುಚೀಲಗಳನ್ನು ನುಂಗಿತು. ಇಂಗ್ಲೆಂಡಿನಲ್ಲಿ 1940ರ ಡಿಸೆಂಬರ್ 1ರಿಂದ ರೇಷ್ಮೆ ಕಾಲುಚೀಲಗಳನ್ನು ಅಂಗಡಿಗಳಿಗೆ ಸರಬರಾಜು ಮಾಡುವುದನ್ನು ನಿಷೇಧಿಸಿದರು. 1941ರ ಜೂನ್ 1ರಂದು ಬಟ್ಟೆಯ ರೇಷನ್ ಬಂತು. ವರ್ಷಕ್ಕೆ 66 ಕೂಪನ್, ಒಂದು ಜೊತೆ ಕಾಲುಚೀಲಕ್ಕೆ ಎರಡು. ಅಮೆರಿಕದಲ್ಲಿ 1941ರ ಜುಲೈ ಕೊನೆಯಲ್ಲಿ ಜಪಾನಿನ ಆಸ್ತಿಯನ್ನು ತಡೆಹಿಡಿದ ಒಡನೆಯೇ ಹೆಂಗಸರು ಅಂಗಡಿಗಳಿಗೆ ಮುತ್ತಿಗೆ ಹಾಕಿದರು. ಆಗಸ್ಟಿನ ಮೊದಲಲ್ಲೇ ದೇಶದಲ್ಲಿದ್ದ ಕಚ್ಚಾ ರೇಷ್ಮೆಯೆಲ್ಲ ಸೈನ್ಯದ ಪಾಲಾಯಿತು. 1942ರ ಕೊನೆಯಲ್ಲಿ ಹಳೆಯ, ಹರಿದ ಕಾಲುಚೀಲಗಳನ್ನೂ ಅಂಗಡಿಗಳಲ್ಲಿ ಪೆಟ್ಟಿಗೆಯಿಟ್ಟು ಸಂಗ್ರಹಿಸತೊಡಗಿದರು. ಯಾವುದಕ್ಕೆಂದರೆ, ಹಡಗಿನ ಹಿರಿಯ ಫಿರಂಗಿಗಳ ಮದ್ದಿನ ಚೀಲಕ್ಕೆ. ರೇಷ್ಮೆ ಪೂರ್ತಿಯಾಗಿ ಉರಿದುಹೋಗುತ್ತದೆ; ಕೆಂಡವಾಗಿ ಉಳಿದು, ಮುಂದೆ ತುಂಬುವ ಮದ್ದಿಗೆ ಅಕಾಲದಲ್ಲಿ ಕಿಡಿ ಹಚ್ಚುವ ಭಯವಿಲ್ಲ. ಇತ್ತ ಜಪಾನಿನ ನೂಲು ನಿಂತುಹೋದದ್ದರಿಂದ ಮೈಸೂರಿನ ರೇಷ್ಮೆಗೆ ಪ್ಯಾರಾಚೂಟಿನ ಬೇಡಿಕೆ ಬಂದು, ಸಂಸ್ಥಾನದಲ್ಲಿ ಯಂತ್ರದ ಬಿಚ್ಚಾಣಿಕೆ ಭರದಿಂದ ಬೆಳೆಯಿತು.

ಚೀಲವೇ ಇಲ್ಲದ ಮೇಲೆ ಕಾಪಾಡುವುದೇನನ್ನು? ಇಂಗ್ಲೆಂಡಿನ ಹುಡುಗಿಯರು ಕಾಲಿಗೆ ಚಹಾದ ಕಷಾಯವನ್ನೋ ಸಾರಿಗೆ ಹಾಕುವ ಕಂದು ಬಣ್ಣವನ್ನೋ ಬಳಿದು, ಹಿಂಬದಿಯ ಹೊಲಿಗೆಯ ಗೆರೆಯನ್ನು ಹುಬ್ಬಿನ ಪೆನ್ಸಿಲಿನಿಂದ ಗೆಳತಿಯ ಕೈಯಲ್ಲಿ ಬರೆಸಿಕೊಂಡು ನಡೆದರು. ಮಳೆ ಬಂದರೆ ಗೆರೆ ಕರಗುತ್ತಿತ್ತು.

ನೈಲಾನ್ ಆ ಹೊತ್ತಿಗಾಗಲೇ ಹುಟ್ಟಿತ್ತು. ಡ್ಯೂಪಾಂಟ್ ಕಂಪನಿಯಲ್ಲಿ ವಾಲೇಸ್ ಕ್ಯಾರದರ್ಸ್ ಎಂಬ ವಿಜ್ಞಾನಿಯ ತಂಡ ಕಂಡುಹಿಡಿದ ಈ ನೂಲಿನ ಸುದ್ದಿಯನ್ನು 1938ರ ಅಕ್ಟೋಬರಿನಲ್ಲಿ ಪ್ರಕಟಿಸಿದಾಗ ಆತ ಬದುಕಿರಲಿಲ್ಲ. 1940ರ ಮೇ 15ರಂದು ಅಮೆರಿಕದಾದ್ಯಂತ ನೈಲಾನ್ ಕಾಲುಚೀಲ ಮಾರಾಟಕ್ಕೆ ಬಂತು. ಎರಡೇ ವರ್ಷದೊಳಗೆ ಅದೂ ಯುದ್ಧಕ್ಕೆ ಹೋಯಿತು. ಶಾಂತಿ ಬಂದ ಮೇಲೆ, 1946ರ ಜೂನಿನಲ್ಲಿ, ಪಿಟ್ಸ್‌ಬರ್ಗ್ ನಗರದಲ್ಲಿ 13,000 ಜೊತೆಗಳಿಗಾಗಿ ಸುಮಾರು 40,000 ಮಂದಿ ಸಾಲು ನಿಂತರು. ರೇಷ್ಮೆಗೆ ಆ ಮಾರುಕಟ್ಟೆ ಮತ್ತೆ ಹಿಂದಿರುಗಲಿಲ್ಲ. ಬೆವರಿಗೂ ಹುಳುವಿಗೂ ಅಂಜದ ನೈಲಾನಿಗೂ ಏಣಿ ಮಾತ್ರ ತಪ್ಪಲಿಲ್ಲ. ಕುಣಿಕೆ ಕುಣಿಕೆಯೇ ಅಲ್ಲವೆ?

ಅಂದಿನ ರೇಷ್ಮೆ ಕಾಲುಚೀಲಗಳಲ್ಲಿ ಉಳಿದವು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ಅಲ್ಲಿಯವರು ಅವನ್ನು ಆಮ್ಲವಿಲ್ಲದ ತೆಳು ಕಾಗದದ ನಡುವೆ, ಕತ್ತಲೆಯ ಪೆಟ್ಟಿಗೆಯಲ್ಲಿ, ಸಾಧ್ಯವಾದಷ್ಟೂ ಮಡಿಸದೆ ಮಲಗಿಸುತ್ತಾರೆ. ಬಹುಕಾಲ ಒಂದೇ ಮಡಿಕೆಯಲ್ಲಿ ಉಳಿದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ನಮ್ಮ ಮನೆಯ ಟ್ರಂಕಿನಲ್ಲಿರುವ ಧಾರೆ ಸೀರೆಗೂ ಈ ಮಾತು ಸಲ್ಲುತ್ತದೆ. ಉಟ್ಟು ಬಿಚ್ಚಿದ ಸೀರೆಯನ್ನು ಬೆವರಾರುವವರೆಗೆ ನೆರಳಲ್ಲಿ ಹರವಿ, ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, ನಾಲ್ಕಾರು ತಿಂಗಳಿಗೊಮ್ಮೆ ಹೊರತೆಗೆದು ಗಾಳಿಯಾಡಿಸಿ, ಹಳೆಯ ಗೆರೆಯನ್ನು ಬಿಟ್ಟು ಬೇರೆ ಕಡೆ ಮಡಿಸಿಡಬೇಕು.